ಕರಿಬಟ್ಟೆ ಸುತ್ತಿದ ಡೋಲು

ಸಿನಿಮಾದಲ್ಲಿ ಮಿಲಿಟರಿ ಬ್ಯಾಂಡ್ ಬಂದರೆ ಎಲ್ಲರೂ ನಾಯಕನ ಮುಖ ನೋಡುತ್ತಾರೆ, ನಾನು ಬ್ಯಾಂಡಿನವರ ಬೆರಳು ನೋಡುತ್ತೇನೆ. ಬೆರಳು ಒಂದು ಹೇಳುತ್ತಿರುತ್ತದೆ, ಕಿವಿಗೆ ಬೀಳುವುದು ಇನ್ನೊಂದು. ಪಕ್ಕದವರು ಸೆರಗಿನಿಂದ ಕಣ್ಣೊರೆಸಿಕೊಳ್ಳುವ ಹೊತ್ತಿಗೆ ಸರಿಯಾಗಿ ನಾನು ಸುಳ್ಳು ಸುಳ್ಳು ಎಂದು ಗೊಣಗುತ್ತೇನೆ. ನನ್ನ ಜೊತೆ ಸಿನಿಮಾ ನೋಡುವುದೆಂದರೆ ನಮ್ಮ ಮನೆಯ ಮಕ್ಕಳಿಗೆ ಶಿಕ್ಷೆ. ನನಗೆ ಸಂಶಯ ಪಿಶಾಚಿ ಎಂದು ಹೆಸರಿಟ್ಟವಳು ನಮ್ಮವ್ವ. ಧಾರವಾಡದಲ್ಲಿ ಹಾಲಿನವನು ಹಾಲು ಹಾಕಿ ಬೆನ್ನು ತಿರುಗಿಸುವುದೇ ತಡ, ಒಂದು ಹನಿ ಉಗುರಿನ ಮೇಲೆ ಬಿಟ್ಟು ಜಾರುತ್ತದೋ ನಿಲ್ಲುತ್ತದೋ ನೋಡುತ್ತಿದ್ದೆ. ಗುಣ ಹುಟ್ಟಿನಿಂದಲೇ ಬಂದದ್ದು. ಅದು ಸೊಂಪಾಗಿ ಬೆಳೆದದ್ದು ಮಾತ್ರ ನಾಗಪುರದ ಪಕ್ಕದ ಕಾಮ್ಟಿಯಲ್ಲಿ, ಮಿಲಿಟರಿ ಲೈನಿನ ಕ್ವಾರ್ಟರ್ಸಿನಲ್ಲಿ.

ನಮ್ಮ ಮನೆಯವರು ಅಲ್ಲಿನ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದರು. ಅಳಿಯ ಮಿಲಿಟರಿಯಲ್ಲಿದ್ದಾನೆ ಎಂದು ನಮ್ಮಪ್ಪ ಊರ ತುಂಬ ಹೇಳಿಕೊಂಡು ತಿರುಗಿದ. ಅಳಿಯನ ಕೈಯಲ್ಲಿ ಬಂದೂಕಲ್ಲ, ಊದುವ ಕೊಳವೆ ಇದೆ ಎಂದು ಗೊತ್ತಾದ ಮೇಲೆ ಸ್ವಲ್ಪ ಮೆತ್ತಗಾದ. ನನಗಂತೂ ಅದರಿಂದ ಸಮಾಧಾನವೇ ಆಗಿತ್ತು. ಬಂದೂಕಿನವನ ಹೆಂಡತಿಯಾಗಿ ಬಾಗಿಲು ಕಾಯುವುದಕ್ಕಿಂತ ಕ್ಲಾರಿನೆಟ್ಟಿನವನ ಹೆಂಡತಿಯಾಗಿ ಬೆಳ್ಳುಳ್ಳಿ ಸುಲಿಯುವುದು ಎಷ್ಟೋ ಮೇಲು.

ಬೆಳಿಗ್ಗೆ ಬೇವಿನ ಮರಗಳ ಆಚೆಯ ತಗಡಿನ ಶೆಡ್ಡಿನಲ್ಲಿ ಅವರ ಅಭ್ಯಾಸ ನಡೆಯುತ್ತಿತ್ತು. ಲೈನಿನ ಹೆಂಗಸರು ಗಡಿಯಾರ ನೋಡುತ್ತಿರಲಿಲ್ಲ. ಚುರುಕಾದ ನಡಿಗೆಯ ಟ್ಯೂನ್ ಶುರುವಾದರೆ ಹಂಚು ಒಲೆಯ ಮೇಲೆ. ಅದು ಮುಗಿದು ಬ್ಯಾಗ್‌ಪೈಪಿನವರದು ಶುರುವಾದರೆ ಮಕ್ಕಳ ಜಡೆ. ಆ ಟ್ಯೂನುಗಳಲ್ಲಿ ಯುದ್ಧ ಎಲ್ಲಿದೆಯೋ ನನಗೆ ಎಂದೂ ಹೊಳೆಯಲಿಲ್ಲ. ನಮಗೆ ಅವು ರೊಟ್ಟಿಯ ಹಾಡುಗಳು. ಒಂದು ಟ್ಯೂನಿಗೆ ಮಾತ್ರ ಕೈ ನಿಲ್ಲುತ್ತಿತ್ತು. ಅದು ನಿಧಾನದ್ದು. ಹೆಜ್ಜೆ ಇಟ್ಟು, ತಡೆದು, ಮತ್ತೆ ಇಡುವುದು. ಅದನ್ನು ಬಾರಿಸುವಾಗ ಡೋಲಿಗೆ ಕರಿಬಟ್ಟೆ ಸುತ್ತುತ್ತಾರೆ, ಅದರ ದನಿ ಬಟ್ಟೆಯೊಳಗೇ ಉಳಿಯುತ್ತದೆ. ಸತ್ತ ಸಿಪಾಯಿಯನ್ನು ಒಯ್ಯುವಾಗ ಮಾತ್ರ ಬಾರಿಸುವ ಟ್ಯೂನ್ ಅದು. ಆ ಡೋಲು ಕೇಳಿದರೆ ನಲ್ಲಿಯ ಹತ್ತಿರ ಜಗಳವಾಡುತ್ತಿದ್ದವರೂ ಬಾಯಿ ಮುಚ್ಚುತ್ತಿದ್ದರು.

ನಮ್ಮ ಪಕ್ಕದ ಕ್ವಾರ್ಟರ್ಸಿನಲ್ಲಿ ಇನ್ನೊಬ್ಬಳು ಕನ್ನಡದವಳಿದ್ದಳು. ಹಾಸನದ ಕಡೆಯ ಹುಡುಗಿ, ನನಗಿಂತ ಬಹಳ ಚಿಕ್ಕವಳು. ಅವಳ ಗಂಡ ಬಂದೂಕಿನವನು. ನನ್ನ ಕನ್ನಡ ಕೇಳಿ ಅವಳು ಮೊದಮೊದಲು ನಗುತ್ತಿದ್ದಳು, ಅವಳ ಕನ್ನಡ ಕೇಳಿ ನಾನು. ಆಮೇಲೆ ಇಬ್ಬರೂ ಅರ್ಧ ಹಿಂದಿ ಸೇರಿಸಿ ಒಂದು ಭಾಷೆ ಮಾಡಿಕೊಂಡೆವು. ಅವಳ ಹತ್ತಿರ ಒಂದು ಟೇಪ್ ರೆಕಾರ್ಡರ್ ಇತ್ತು. ಗಂಡ ಕೊಡಿಸಿದ್ದು. ಅದರಲ್ಲಿ ಸಿನಿಮಾದ ಯುದ್ಧದ ಹಾಡುಗಳನ್ನೇ ಹಾಕುತ್ತಿದ್ದಳು. ತಾಯಿ, ಮಣ್ಣು, ನೆತ್ತರು, ತಿಲಕ. ಅವಳು ಅವನ್ನೆಲ್ಲ ನಂಬಿದ್ದಳು. ಹಾಡು ಕೇಳುತ್ತ ಅಕ್ಕಿ ಆರಿಸುವಾಗ ಅವಳ ಕಣ್ಣು ತುಂಬಿ ಕಲ್ಲೂ ಅಕ್ಕಿಯೂ ಒಂದೇ ಆಗುತ್ತಿತ್ತು.

ನಮ್ಮವರು ಅದನ್ನು ಕೇಳಿ ನಗುತ್ತಿದ್ದರು. ರೇಡಿಯೋದಲ್ಲಿ ಜವಾನರ ಕೋರಿಕೆಯ ಹಾಡುಗಳು ಬರುತ್ತಿದ್ದವಲ್ಲ, ಅದನ್ನು ತೋರಿಸಿ ಹೇಳುತ್ತಿದ್ದರು: ಗಡಿಯಲ್ಲಿ ಕೂತವನು ಬರೆದು ಕೇಳುವುದು ಪ್ರೇಮದ ಹಾಡು, ಯುದ್ಧದ ಹಾಡು ಬೇಕಾಗಿರುವುದು ನಾಗಪುರದ ಗಾಂಧಿಬಾಗಿನ ಬಟ್ಟೆ ಸೇಠನಿಗೆ. ಮಾತು ಬರೋಬರ್ ಇತ್ತು. ಗಣಪತಿ ಹಬ್ಬ ಬಂದರೆ ಗಾಂಧಿಬಾಗಿನ ಓಣಿಗಳಲ್ಲಿ ಬಟ್ಟೆಯ ಗಂಟುಗಳ ಮೇಲೆ ಕೂತು ಆ ಸೇಠರು ಲೌಡ್‌ಸ್ಪೀಕರಿನಲ್ಲಿ ಯಾವ ಯುದ್ಧವನ್ನೂ ಗೆದ್ದುಬಿಡುತ್ತಿದ್ದರು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅವಳ ಗಂಡನ ಪಲ್ಟನ್ನನ್ನು ಲಂಕಾಕ್ಕೆ ಕಳಿಸಿದರು. ಶಾಂತಿ ಕಾಪಾಡಲು ಎಂದರು. ಅಲ್ಲಾ, ಶಾಂತಿ ಕಾಪಾಡಲು ಹೋಗುವವರಿಗೆ ಅಷ್ಟು ಪೆಟ್ಟಿಗೆ ಗುಂಡು ಯಾಕೆ ಎಂದು ನಾನು ನಮ್ಮವರನ್ನು ಕೇಳಿದೆ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಎಂದು ಅವರು ಎದ್ದು ಹೋದರು. ಸ್ಟೇಷನ್ನಿಗೆ ಬ್ಯಾಂಡ್ ಹೋಗಿತ್ತು. ಚುರುಕಾದ ಟ್ಯೂನ್ ಬಾರಿಸಿ ಕಳಿಸಿಬಂದರು. ಈ ಹುಡುಗಿ ತಿಲಕವಿಟ್ಟು, ಆರತಿ ಮಾಡಿ, ಸಿನಿಮಾದಲ್ಲಿ ನೋಡಿದ ಹಾಗೆಯೇ ಅಳದೆ ನಿಂತಿದ್ದಳಂತೆ. ಮನೆಗೆ ಬಂದು ನನ್ನ ಅಡುಗೆಮನೆಯಲ್ಲಿ ಅತ್ತಳು.

ಮೊದಲು ಕಾಗದ ಸರಿಯಾಗಿ ಬರುತ್ತಿತ್ತು. ಚಳಿಗಾಲ ಹಿಡಿಯುವ ಹೊತ್ತಿಗೆ ತಡವಾಯಿತು, ಆಮೇಲೆ ನಿಂತೇಹೋಯಿತು. ಅವಳು ದಿನಾ ಡಾಕಿನವನ ಸೈಕಲ್ ಬೆಲ್ಲಿಗೆ ಹೊರಗೆ ಬಂದು, ಅವನು ಮುಂದೆ ಹೋದ ಮೇಲೆ ಒಗೆದ ಬಟ್ಟೆ ತೆಗೆಯಲು ಬಂದವಳ ಹಾಗೆ ತಂತಿಯ ಕಡೆ ತಿರುಗುತ್ತಿದ್ದಳು. ತಂತಿಯ ಮೇಲೆ ಬಟ್ಟೆ ಇರುತ್ತಿರಲಿಲ್ಲ.

ಅದೇ ದಿನಗಳಲ್ಲಿ ನಾನು ಹಾಸಿಗೆ ಬಟ್ಟೆ ತರಲು ಗಾಂಧಿಬಾಗಿಗೆ ಹೋಗಿದ್ದೆ. ನಾನು ಯಾವಾಗಲೂ ಹೋಗುವ ಅಂಗಡಿಯಲ್ಲಿ ಬಿಳಿಯದು ಒಂದು ಥಾನೂ ಇರಲಿಲ್ಲ. ಯಾಕೆ ಎಂದು ಕೇಳಿದರೆ ಅಂಗಡಿಯವನು ನಿಮ್ಮ ಕಾಮ್ಟಿಯವರೇ ಒಯ್ದರಲ್ಲ ಎಂದ. ಮಿಲಿಟರಿಯ ಟ್ರಕ್ಕೇ ಬಂದಿತ್ತಂತೆ. ಬಿಳಿಯದು, ಅಂಚಿಲ್ಲದ್ದು, ಇದ್ದಷ್ಟೂ ಕೊಡಿ ಎಂದರಂತೆ. ಪಕ್ಕದ ಅಂಗಡಿಯದನ್ನೂ ಎತ್ತಿದರಂತೆ. ಅಂಚಿಲ್ಲದ ಬಿಳಿಬಟ್ಟೆ ಅಷ್ಟೊಂದು ಯಾರಿಗೆ, ಯಾಕೆ ಬೇಕು? ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನನಗೆ ಯಾರೂ ಕಲಿಸಬೇಕಿರಲಿಲ್ಲ. ಬಸ್ಸಿನಲ್ಲಿ ವಾಪಸ್ಸು ಬರುವಾಗ ಒಂದು ಹೆಣಕ್ಕೆ ಎಷ್ಟು ಗಜ ಎಂದು ಲೆಕ್ಕ ಹಾಕುತ್ತ ಬಂದೆ. ಆದರೂ ಅವಳಿಗೆ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಶೆಡ್ಡಿನಿಂದ ಕರಿಬಟ್ಟೆಯ ಡೋಲು ಕೇಳಿಸಿತು. ಒಂದು ಸಲವಲ್ಲ, ಬೆಳಗೆಲ್ಲ ಅದೇ. ಅದರ ಮರುದಿನವೂ ಅದೇ. ಲೈನಿನಲ್ಲಿ ಯಾರೂ ಸತ್ತಿರಲಿಲ್ಲ, ಆಸ್ಪತ್ರೆಯಲ್ಲೂ ಯಾರೂ ಇರಲಿಲ್ಲ. ನಮ್ಮವರು ಊಟಕ್ಕೆ ಬಂದಾಗ ತಾಟು ಮುಂದಿಟ್ಟು ನೇರವಾಗಿ ಕೇಳಿದೆ.

"ಯಾರು ಸತ್ತಾರ್ರಿ?"

"ಯಾರೂ ಇಲ್ಲ. ಇನ್‌ಸ್ಪೆಕ್ಷನ್ ಐತಿ. ಎಲ್ಲಾ ಟ್ಯೂನ್ ಪ್ರ್ಯಾಕ್ಟಿಸ್ ಮಾಡಬೇಕು."

ಎಲ್ಲಾ ಟ್ಯೂನ್ ಅಂತೆ! ಕೇಳುತ್ತಿದ್ದದ್ದು ಒಂದೇ. ಅವರು ಮುಖ ಎತ್ತಿ ಮಾತಾಡಲಿಲ್ಲ, ಪಲ್ಯ ಮತ್ತೆ ಹಾಕಿಸಿಕೊಳ್ಳಲಿಲ್ಲ. ಆ ಮನುಷ್ಯನಿಗೆ ಸುಳ್ಳು ಹೇಳಲು ಬರುವುದಿಲ್ಲ. ಕ್ಲಾರಿನೆಟ್ಟಿನಲ್ಲಿ ತಪ್ಪು ಸ್ವರ ಬಂದರೆ ಮುಖ ಹೇಗಾಗುತ್ತದೋ, ಸುಳ್ಳು ಹೇಳುವಾಗಲೂ ಹಾಗೇ ಆಗುತ್ತದೆ.

ಆ ದಿನ ಸಂಜೆ ಪಕ್ಕದವಳು ಬಂದಳು. ಬಾಗಿಲಲ್ಲೇ ನಿಂತಳು, ಒಳಗೆ ಬರಲಿಲ್ಲ. ಬಡಗಿಗಳ ಅಂಗಳದ ಹತ್ತಿರ ಹೋಗಿದ್ದಳಂತೆ. ಅಲ್ಲಿ ಆಳುದ್ದದ ಹೊಸ ಪೆಟ್ಟಿಗೆಗಳನ್ನು ಗೋಡೆಗೆ ಸಾಲಾಗಿ ಆನಿಸಿಟ್ಟಿದ್ದರಂತೆ, ಒಬ್ಬ ಅವಕ್ಕೆ ಬಣ್ಣ ಬಳಿಯುತ್ತಿದ್ದನಂತೆ. ಏನಿವು ಎಂದು ಕೇಳಿದರೆ, ಅಮ್ಮಾ, ನೀವು ಮನೆಗೆ ಹೋಗಿ ಎಂದನಂತೆ. ಇಷ್ಟು ಹೇಳಿ ಅವಳು ನನ್ನ ಮುಖ ನೋಡಿದಳು. ನಾನು ಬಿಳಿಬಟ್ಟೆಯ ಮಾತು ಎತ್ತಲಿಲ್ಲ. ಆದರೆ ನನ್ನ ಮುಖ ಹೇಳಿರಬೇಕು. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಎರಡು ದಿನದ ಮೇಲೆ ಸುಬೇದಾರರ ಹೆಂಡತಿ ಲೈನಿನ ಹೆಂಗಸರನ್ನೆಲ್ಲ ತನ್ನ ಅಂಗಳಕ್ಕೆ ಕರೆಸಿದಳು. ಮರಾಠಿಯವಳು, ದೊಡ್ಡ ಮೈ, ದೊಡ್ಡ ದನಿ. ಘಾಬರೂ ನಕಾ, ಶೂಟಿಂಗ್ ಆಹೆ, ಹೆದರಬೇಡಿ, ಶೂಟಿಂಗ್ ಅಷ್ಟೇ ಎಂದು ನಗುತ್ತಲೇ ಶುರು ಮಾಡಿದಳು. ಮುಂಬೈಯಿಂದ ಸಿನಿಮಾದವರು ಬಂದಿದ್ದಾರೆ, ನಾಗಪುರದ ಸದರ್ ಪೇಟೆಯ ಹೋಟೆಲಿನಲ್ಲಿ ಇಳಿದಿದ್ದಾರೆ, ಯುದ್ಧದ ಸಿನಿಮಾ ಮಾಡುತ್ತಿದ್ದಾರೆ. ಹುತಾತ್ಮರ ಶವಯಾತ್ರೆ ನಮ್ಮ ಮೈದಾನದಲ್ಲೇ. ಅದಕ್ಕೇ ಬ್ಯಾಂಡು, ಅದಕ್ಕೇ ಪೆಟ್ಟಿಗೆ. ಮೊದಲೇ ಹೇಳಿದ್ದರೆ ಹೀರೋನನ್ನು ನೋಡಲು ಪಕ್ಕದೂರು ಕನ್ಹಾನಿನಿಂದಲೂ ಜನ ನುಗ್ಗುತ್ತಾರೆ ಎಂದು ಗುಟ್ಟಾಗಿಟ್ಟಿದ್ದರಂತೆ.

ಹೆಂಗಸರೆಲ್ಲ ಹೋ ಎಂದು ಉಸಿರು ಬಿಟ್ಟರು. ಹೀರೋ ಯಾರು, ಎಷ್ಟು ದಿನ, ಮುಟ್ಟಬಹುದೇ? ಗಲಾಟೆಯೋ ಗಲಾಟೆ. ನಾನು ಉಸಿರು ಬಿಡಲಿಲ್ಲ. ಇನ್‌ಸ್ಪೆಕ್ಷನ್ ಎಂದಿದ್ದು ಸುಳ್ಳಾಯಿತು. ಮೊದಲ ಮಾತು ಸುಳ್ಳಾದ ಮೇಲೆ ಎರಡನೆಯದನ್ನು ಯಾವ ಭರವಸೆಯ ಮೇಲೆ ನಂಬಬೇಕು? ಲಂಕಾದಲ್ಲಿ ನಿಜವಾಗಿ ಜನ ಸಾಯುತ್ತಿದ್ದರು. ಕಾಗದ ನಿಜವಾಗಿ ನಿಂತಿತ್ತು. ನಾಟಕದ ಹೆಣ ಎಂದು ಹೇಳಿ ನಿಜದ ಹೆಣ ತಂದಿಳಿಸಿದರೆ ಯಾರು ಕೇಳುತ್ತಾರೆ? ನಾನು ಇದನ್ನು ಮನಸ್ಸಿನಲ್ಲಿ ಆಡುತ್ತಿರುವಾಗಲೇ ಪಕ್ಕದವಳು ನನ್ನ ಕಿವಿಯ ಹತ್ತಿರ ಬಂದು ಇದನ್ನೇ ಆಡಿದಳು. ನನ್ನ ಜಡ್ಡು ಅವಳಿಗೂ ಅಂಟಿತ್ತು.

ಸುಬೇದಾರಣಿ ಮಾತು ಮುಗಿಸಿರಲಿಲ್ಲ. ಶವಯಾತ್ರೆಯಲ್ಲಿ ಪೆಟ್ಟಿಗೆಗಳ ಎದುರಿಗೇ ವಿಧವೆಯರ ಸಾಲು ಕೂರಬೇಕಂತೆ. ನಾಗಪುರದಿಂದ ನಾಟಕದವರು ಕೆಲವರು ಬರುತ್ತಾರೆ, ಸಾಲದು, ಲೈನಿನವರೂ ಬಂದರೆ ಒಳ್ಳೆಯದು. ಗಾಂಧಿಬಾಗಿನಿಂದ ತರಿಸಿದ ಬಿಳಿಸೀರೆ ಕೊಡುತ್ತಾರೆ, ಮಧ್ಯಾಹ್ನದ ಊಟ ಕೊಡುತ್ತಾರೆ, ಸೀರೆ ನೀವೇ ಇಟ್ಟುಕೊಳ್ಳಬಹುದು. ಹಣೆ ಮಾತ್ರ ಬರಿದಾಗಿರಬೇಕು, ಕೈಯೂ.

ಆಗ ನೋಡಬೇಕಿತ್ತು ಆ ಅಂಗಳವನ್ನು. ಗಢವಾಲಿನವಳು ಥೂ ಎಂದು ಉಗುಳಿದಳು. ಇನ್ನೊಬ್ಬಳು ತಾಳಿಯನ್ನು ಕಣ್ಣಿಗೊತ್ತಿಕೊಂಡಳು. ಬದುಕಿರುವ ಗಂಡನನ್ನು ಒಂದು ಊಟಕ್ಕೆ ಸಾಯಿಸಬೇಕೇನು ಎಂದು ನಾನೇ ಎದ್ದು ಕೇಳಿದೆ. ಸಿಪಾಯಿಗಳ ಹೆಂಡಿರು ಸುಮ್ಮನೆ ಕೂಡ ಆ ವೇಷ ಹಾಕುವುದಿಲ್ಲ. ನಮ್ಮ ಕಡೆ ಬಳೆ ಒಡೆಯಿತು ಎನ್ನುವುದಿಲ್ಲ, ಬಳೆ ಹೆಚ್ಚಿತು ಎನ್ನುತ್ತೇವೆ. ಬಾಯಲ್ಲಿ ಬರಬಾರದ ಮಾತನ್ನು ಮೈಮೇಲೆ ಹಾಕಿಕೊಳ್ಳುವುದೇ? ಸುಬೇದಾರಣಿ ಪೆಚ್ಚಾಗಿ, ಒತ್ತಾಯವಿಲ್ಲ, ಉಳಿದವರು ಹಗ್ಗದ ಆಚೆ ನಿಂತು ನೋಡಬಹುದು ಎಂದಳು.

ಮನೆಗೆ ಬರುವಾಗ ನನ್ನ ಬಾಗಿಲ ಹತ್ತಿರ ಪಕ್ಕದವಳು ನಿಂತು, ತಾನು ಹೋಗಿ ಆ ಸಾಲಿನಲ್ಲಿ ಕೂರುತ್ತೇನೆ ಎಂದಳು. ಸಿನಿಮಾದ ಹುಚ್ಚು ಇಷ್ಟಕ್ಕೆ ಬಂತೇ ಎಂದು ಬೈದೆ. ನಿನ್ನ ಅತ್ತೆಗೆ ಗೊತ್ತಾದರೆ ಏನೆಂದಾಳು ಎಂದೆ. ಅವಳು ನನ್ನ ಬೈಗುಳ ಮುಗಿಯುವವರೆಗೂ ಕಾದಳು.

"ಅಕ್ಕಾ, ಹಗ್ಗದಾಚೆ ನಿಂತ್ರೆ ಪೆಟ್ಟಿಗೆ ಕಾಣುತ್ತೆ, ಕೈಗೆ ಸಿಗಲ್ಲ. ಬಿಳಿಸೀರೆಯವರನ್ನ ಮಾತ್ರ ಹತ್ರ ಬಿಡ್ತಾರೆ."

"ಅದಕ್ಕಂತ ಕುಂಕುಮ ಅಳಿಸ್ತೀಯೇನ?"

"ಕುಂಕುಮ ಅಳಿಸಿದ್ರೆ ಮತ್ತೆ ಇಟ್ಕೋಬಹುದು ಅಕ್ಕಾ. ಆ ಪೆಟ್ಟಿಗೇಲಿ ಅವರಿದ್ರೆ, ನಾನು ನೋಡ್ದೆ ಹೋಗ್ಬಿಟ್ರೆ, ಆಮೇಲೆ ಎಲ್ಲಿ ಹುಡುಕ್ಲಿ?"

ಜಗತ್ತಿನಲ್ಲಿ ಸಂಶಯದ ಗುತ್ತಿಗೆ ನನ್ನದೇ ಎಂದುಕೊಂಡಿದ್ದೆ. ಈ ಹುಡುಗಿ ಅದಕ್ಕೆ ಕೊಡಲು ಸಿದ್ಧವಾದದ್ದನ್ನು ನಾನು ಕೊಡುತ್ತಿರಲಿಲ್ಲ.

ಶೂಟಿಂಗಿನ ದಿನ ಅವಳು ನಮ್ಮ ಮನೆಯಲ್ಲೇ ತಯಾರಾದಳು. ಕೈಗೆ ಸಾಬೂನು ಹಚ್ಚಿ, ಒಂದೂ ಒಡೆಯದ ಹಾಗೆ, ಹಸಿರು ಬಳೆಗಳನ್ನು ನಾನೇ ಜಾರಿಸಿ ತೆಗೆದೆ. ಬಳೆಗಳನ್ನು ನನ್ನ ಸೆರಗಿನ ಚುಂಗಿಗೆ ಕಟ್ಟಿಕೊಂಡೆ. ತಾಳಿಯನ್ನು ಮಾತ್ರ ಅವಳು ಯಾರಿಗೂ ಕೊಡಲಿಲ್ಲ, ರವಿಕೆಯ ಒಳಗೆ ತಳ್ಳಿ ಪಿನ್ನು ಹಾಕಿಕೊಂಡಳು. ಕುಂಕುಮವನ್ನು ತಾನೇ ಒರೆಸಿಕೊಂಡಳು. ನಾನು ಆ ಕಡೆ ತಿರುಗಿ ಒಲೆಯ ಮೇಲೆ ಇಲ್ಲದ ಹಾಲು ನೋಡಿದೆ.

ಮೈದಾನದಲ್ಲಿ ಜಾತ್ರೆಗೆ ಸೇರಿದಷ್ಟು ಜನ. ಸಂತ್ರಾ ಹಣ್ಣು ಮಾರುವವರೂ ಬಂದಿದ್ದರು. ಹೀರೋ ಒಂದು ದೊಡ್ಡ ಛತ್ರಿಯ ಕೆಳಗೆ ಮೇಜರಿನ ಬಟ್ಟೆ ಹಾಕಿಕೊಂಡು ಕೂತಿದ್ದ, ಒಬ್ಬ ಅವನಿಗೆ ಗಾಳಿ ಬೀಸುತ್ತಿದ್ದ. ನಿಜವಾದ ಸಿಪಾಯಿಗಳು ಬಿಸಿಲಲ್ಲಿ ನಿಂತು ಸಿನಿಮಾದ ಸಿಪಾಯಿಗಳಾಗಿದ್ದರು. ಪೆಟ್ಟಿಗೆಗಳು ಧ್ವಜ ಹೊದ್ದು ಸಾಲಾಗಿದ್ದವು. ಅವುಗಳ ಎದುರಿಗೆ ಬಿಳಿಸೀರೆಯ ಸಾಲು. ಅದರ ತುದಿಯಲ್ಲಿ ನಮ್ಮವಳು, ಬರೀ ಹಣೆ. ಹಗ್ಗದ ಈಚೆ ನಾನು ಸೆರಗಿನ ಗಂಟನ್ನು ಹಿಡಿದುಕೊಂಡು ನಿಂತೆ. ಲೈನಿನ ಹೆಂಗಸರು ಅವಳ ಕಡೆ ಕೈಮಾಡಿ ಪಿಸಿಪಿಸಿ ಮಾತಾಡುತ್ತಿದ್ದರು.

ಬ್ಯಾಂಡು ನಿಧಾನದ ಟ್ಯೂನ್ ಎತ್ತಿಕೊಂಡಿತು. ಕರಿಬಟ್ಟೆಯ ಡೋಲು. ನಮ್ಮವರು ಎರಡನೇ ಸಾಲಿನಲ್ಲಿದ್ದರು. ಹೀರೋ ಸಲಾಮು ಹೊಡೆದ. ಕಟ್ ಎಂದರು. ಅವನ ಟೋಪಿ ಸರಿಯಿರಲಿಲ್ಲವಂತೆ. ಮತ್ತೆ ಮೊದಲಿನಿಂದ. ಒಬ್ಬ ಹುಡುಗಿ ಸಣ್ಣ ಬಾಟಲಿ ಹಿಡಿದು ಸಾಲಿನವರ ಕಣ್ಣಿಗೆಲ್ಲ ಗ್ಲಿಸರಿನ್ ಹಚ್ಚುತ್ತ ಬಂದಳು. ನಮ್ಮವಳು ಬೇಡವೆಂದು ಮುಖ ತಿರುಗಿಸಿದಳು. ಅವಳ ಕಣ್ಣು ಒಣಗಿತ್ತು. ಅದು ಪೆಟ್ಟಿಗೆಗಳ ಮೇಲೇ ಇತ್ತು. ಮತ್ತೆ ಟ್ಯೂನ್, ಮತ್ತೆ ಸಲಾಮು, ಮತ್ತೆ ಕಟ್. ಸತ್ತವರಿಗೆ ಬಾರಿಸುವ ಟ್ಯೂನನ್ನು ಇಷ್ಟು ಸಲ ಅರ್ಧಕ್ಕೆ ನಿಲ್ಲಿಸಿ ಮತ್ತೆ ಶುರು ಮಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ನಮ್ಮವರ ಮುಖ ತಪ್ಪು ಸ್ವರ ಬಂದಾಗಿನ ಮುಖವಾಗಿಯೇ ಉಳಿದಿತ್ತು.

ಮುಂದಿನ ಸಲ ಟ್ಯೂನ್ ನಡುವಿಗೆ ಬಂದಾಗ ಅವಳು ಎದ್ದಳು. ಯಾರೂ ಎದ್ದೇಳು ಎಂದಿರಲಿಲ್ಲ. ಒಬ್ಬ ಹವಾಲ್ದಾರ ತಡೆಯಲು ಓಡಿದ. ಕ್ಯಾಮೆರಾದ ಹತ್ತಿರ ನಿಂತಿದ್ದ ಡೈರೆಕ್ಟರ್ ಕೈ ಎತ್ತಿ ಅವನನ್ನು ನಿಲ್ಲಿಸಿ, ನಡೆಯಲಿ ನಡೆಯಲಿ ಎಂದು ಸನ್ನೆ ಮಾಡಿದ. ಅವಳು ಮೊದಲ ಪೆಟ್ಟಿಗೆಯ ಹತ್ತಿರ ಮಂಡಿಯೂರಿ, ತಲೆಯ ಕಡೆಯ ಅಂಚಿನ ಕೆಳಗೆ ಬೆರಳು ತೂರಿಸಿ ಎತ್ತಿದಳು. ಅದು ಮೇಲೆ ಬಂತು. ಕೆಳಗಿಟ್ಟಳು. ಮುಂದಿನದಕ್ಕೆ ಹೋದಳು. ಅದನ್ನೂ ಎತ್ತಿ ಇಟ್ಟಳು. ಹೀಗೆ ಸಾಲಿನ ಕೊನೆಯವರೆಗೂ, ತರಕಾರಿ ತೂಗುವವಳ ಹಾಗೆ, ಒಂದನ್ನೂ ಬಿಡಲಿಲ್ಲ. ಕೊನೆಯದನ್ನು ಎತ್ತಿ ಇಳಿಸಿದ ಮೇಲೆ ಅದರ ಮೇಲೆ ಕವುಚಿ ಬಿದ್ದು, ಮೈಯೆಲ್ಲ ನಡುಗುವ ಹಾಗೆ ಅತ್ತಳು.

ಕಟ್ ಎಂದಾಗ ಡೈರೆಕ್ಟರ್ ಚಪ್ಪಾಳೆ ಹೊಡೆದ. ನಾಟಕದವರೂ ಹೊಡೆದರು. ಹೀರೋ ಎದ್ದು ಬಂದು ಅವಳಿಗೆ ಏನೋ ಹೇಳಿದ, ಅವಳು ಅವನತ್ತ ನೋಡಲೂ ಇಲ್ಲ. ಸೀದಾ ಹಗ್ಗದ ಕಡೆ ಬಂದು, ಅದರ ಕೆಳಗೆ ನುಸುಳಿ, ನನ್ನ ಕೊರಳಿಗೆ ಬಿದ್ದಳು. ಖಾಲಿ ಅಕ್ಕಾ, ಎಲ್ಲಾ ಖಾಲಿ ಎಂದು ಅಳುತ್ತ ನಗುತ್ತ ಅದನ್ನೇ ಹೇಳಿದಳು. ಅಲ್ಲೇ, ಅಷ್ಟು ಜನರ ನಡುವೆ, ಕರ್ಚೀಫಿನಲ್ಲಿ ಕಟ್ಟಿ ತಂದಿದ್ದ ಕುಂಕುಮವನ್ನು ಅವಳ ಹಣೆಗೆ ಮೆತ್ತಿದೆ. ಬಳೆ ಹಾಕುವ ಅವಸರಕ್ಕೆ ಒಂದು ಒಡೆಯಿತು. ಇಬ್ಬರೂ ಒಂದು ಗಳಿಗೆ ಅದನ್ನೇ ನೋಡಿದೆವು. ಹೆಚ್ಚಿತು ಬಿಡು ಎಂದೆ.

ಸಂಜೆ ಅವಳು ಹೆಸರುಬೇಳೆ ಪಾಯಸ ಮಾಡಿ ತಂದಳು. ನಮ್ಮವರು ಎರಡು ಲೋಟ ಕುಡಿದು, ನಿಮ್ಮಿಬ್ಬರ ಸಂಶಯಕ್ಕೆ ಈ ಲೋಕದಲ್ಲಿ ಔಷಧವಿಲ್ಲ ಎಂದರು. ಬಿಳಿಸೀರೆಯನ್ನು ಅವಳು ಅಂಗಳದಲ್ಲಿ ಸೀಮೆಎಣ್ಣೆ ಸುರಿದು ಸುಟ್ಟಳು. ಸ್ವಲ್ಪ ದಿನದಲ್ಲೇ ಕಾಗದವೂ ಬಂತು, ತಡವಾದ ಹಳೆಯವೆಲ್ಲ ಒಟ್ಟಿಗೇ. ನಾನು ಸೋತೆ, ಖುಷಿಯಾಗಿಯೇ ಸೋತೆ. ಇನ್ನು ಮೇಲೆ ಹಾಲನ್ನು ಉಗುರಿನ ಮೇಲೆ ಬಿಟ್ಟು ನೋಡುವುದಿಲ್ಲ ಎಂದು ನಮ್ಮವರ ಮುಂದೆ ಕೆನ್ನೆ ಬಡಿದುಕೊಂಡೆ.

ಅವಳ ಗಂಡ ಮುಂದಿನ ವರ್ಷ ಬಂದ. ಸ್ಟೇಷನ್ನಿಗೆ ಮತ್ತೆ ಬ್ಯಾಂಡು, ಮತ್ತೆ ಚುರುಕಾದ ಟ್ಯೂನ್. ಕೈಕಾಲು ನೆಟ್ಟಗಿದ್ದವು, ಅದೇ ಪುಣ್ಯ. ಮೊದಲು ನನ್ನ ಕಂಡರೆ ಅಕ್ಕಾ, ಜೋಳದ ರೊಟ್ಟಿ ಇದ್ಯಾ ಎಂದು ಕಾಡುತ್ತಿದ್ದವನು ಈಗ ತಲೆಯಾಡಿಸಿ ಒಳಗೆ ಹೋಗುತ್ತಿದ್ದ. ಅವಳು ಟೇಪ್ ರೆಕಾರ್ಡರಿನಲ್ಲಿ ಯುದ್ಧದ ಹಾಡು ಹಾಕಿದರೆ ಎದ್ದು ಬಂದ್ ಮಾಡುತ್ತಿದ್ದನಂತೆ. ಏನೂ ಹೇಳದೆ, ಸಿಟ್ಟಿಲ್ಲದೆ, ನಲ್ಲಿ ನಿಲ್ಲಿಸಿದ ಹಾಗೆ. ಅವಳು ಪ್ರೇಮದ ಹಾಡಿನ ಒಂದು ಕ್ಯಾಸೆಟ್ ತಂದಳು. ಅದನ್ನು ಅವನು ಬಂದ್ ಮಾಡಲಿಲ್ಲ, ಕೇಳಲೂ ಇಲ್ಲ. ಅಲ್ಲಿಯ ಮಾತು ಕೇಳಿದರೆ ಬಿಸಿಲು ಬಹಳ ಎನ್ನುತ್ತಿದ್ದನಂತೆ. ನಾಗಪುರದ ಉರಿಬಿಸಿಲಲ್ಲಿ ಕೂತು ಲಂಕಾದಲ್ಲಿ ಬಿಸಿಲು ಬಹಳ ಎನ್ನುವವನ ಮಾತನ್ನು ನಂಬುವುದು ಹೇಗೆ? ನನ್ನ ಹಳೆಯ ಜಡ್ಡು ಮೆಲ್ಲಗೆ ತಲೆಯೆತ್ತಿತು. ಆದರೆ ಕೆನ್ನೆ ಬಡಿದುಕೊಂಡಿದ್ದೆನಲ್ಲ, ಸುಮ್ಮನಿದ್ದೆ.

ಆ ಬೇಸಗೆಯಲ್ಲಿ ಸಿನಿಮಾ ನಮ್ಮ ಮೈದಾನಕ್ಕೇ ಬಂತು. ಎರಡು ಕಂಬಕ್ಕೆ ಬಿಳಿ ಪರದೆ ಕಟ್ಟಿ, ಹೊತ್ತು ಮುಳುಗಿದ ಮೇಲೆ ಪ್ರೊಜೆಕ್ಟರಿನಲ್ಲಿ ತೋರಿಸುತ್ತಿದ್ದರು. ತಮ್ಮನ್ನು ತಾವೇ ನೋಡಿಕೊಳ್ಳಲು ಇಡೀ ಲೈನು ಚಾಪೆ ಹಿಡಿದು ಬಂದಿತ್ತು. ನಾವು ನಾಲ್ವರೂ ಒಂದೇ ಜಮಖಾನೆಯ ಮೇಲೆ ಕೂತೆವು. ಅವನು ಬರುವುದಿಲ್ಲ ಎಂದಿದ್ದನಂತೆ. ನಿಮಗೊಂದು ಚೋದ್ಯ ತೋರಿಸ್ತೀನಿ ಎಂದು ಅವಳೇ ಎಳೆದುಕೊಂಡು ಬಂದಿದ್ದಳು. ಆ ದಿನದ ಕತೆಯನ್ನು ಅವಳು ಅವನಿಗೆ ಹೇಳಿರಲಿಲ್ಲ. ಕುಂಕುಮ ಅಳಿಸಿದ ಮಾತು ಹೇಗೆ ಹೇಳುವುದು ಎಂದು ಹೆದರಿದ್ದಳು. ಸಿನಿಮಾದಲ್ಲಿ ನೋಡಿದರೆ ನಗುತ್ತಾರೆ, ನಗುವಾಗ ಹೇಳಿಬಿಡುತ್ತೇನೆ ಎಂದು ನನ್ನ ಹತ್ತಿರ ಹೇಳಿದ್ದಳು.

ಶವಯಾತ್ರೆ ಬಂತು. ನಮ್ಮ ಮೈದಾನ, ನಮ್ಮ ಬೇವಿನ ಮರ, ನಮ್ಮ ಬ್ಯಾಂಡು. ಜನ ಸೀಟಿ ಹೊಡೆದರು. ಆದರೆ ಕರಿಬಟ್ಟೆಯ ಡೋಲಿನ ಸದ್ದಿಲ್ಲ! ಆ ಟ್ಯೂನನ್ನು ಒರೆಸಿಹಾಕಿ, ನೂರು ಪಿಟೀಲು ಸೇರಿಸಿ, ಮೇಲೊಂದು ಹಾಡು ಕೂರಿಸಿದ್ದರು. ತಾಯಿ, ಮಣ್ಣು, ನೆತ್ತರು, ತಿಲಕ. ನಮ್ಮವರು ಪರದೆಯ ಮೇಲೆ ನಿಧಾನದ ಟ್ಯೂನನ್ನು ಬೆರಳಿಂದ ನುಡಿಸುತ್ತಿದ್ದರು, ಕಿವಿಯಲ್ಲಿ ಹಾಡು ಕುಣಿಯುತ್ತಿತ್ತು. ಪಕ್ಕದಲ್ಲಿ ಕೂತಿದ್ದ ನಮ್ಮವರು ತಮ್ಮ ಬೆರಳನ್ನೇ ನೋಡುತ್ತ, ಇದು ನಾವು ಬಾರಿಸಿದ್ದಲ್ಲ ಎಂದರು. ಅಷ್ಟು ಮೆತ್ತಗೆ ಹೇಳಿದರು, ಯಾರಿಗೂ ಕೇಳಿಸಿರಲಿಕ್ಕಿಲ್ಲ.

ಆಮೇಲೆ ಅವಳು ಬಂದಳು, ಪರದೆಯ ತುಂಬ, ಬರೀ ಹಣೆಯಲ್ಲಿ. ಸಾಲಿನ ಪೆಟ್ಟಿಗೆಗಳನ್ನೆಲ್ಲ ಕತ್ತರಿಸಿಹಾಕಿ ಕೊನೆಯ ಒಂದನ್ನು ಮಾತ್ರ ಉಳಿಸಿದ್ದರು. ಅವಳು ಅಂಚಿನ ಕೆಳಗೆ ಬೆರಳು ತೂರಿಸಿ ಎತ್ತುತ್ತಾಳೆ, ಇಳಿಸುತ್ತಾಳೆ, ಕವುಚಿ ಬೀಳುತ್ತಾಳೆ. ಹಾಡು ಮುಗಿಲಿಗೇರಿತು. ಮೈದಾನದಲ್ಲಿ ಅಳದವರು ಯಾರು? ಥೂ ಎಂದು ಉಗುಳಿದ್ದ ಗಢವಾಲಿನವಳೂ ಬಿಕ್ಕುತ್ತಿದ್ದಳು. ಹಿಂದಿನಿಂದ ಯಾರೋ ನಮ್ಮವಳ ಬೆನ್ನು ಸವರಿದರು. ಅವಳು ಮಾತ್ರ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅದು ಯಾವ ಅಳು ಎಂದು ಅವಳಿಗೆ ಗೊತ್ತು, ನನಗೆ ಗೊತ್ತು. ನನಗೂ ನಗು ಬಂತು.

ಅವಳ ಗಂಡ ಅಳಲಿಲ್ಲ, ನಗಲೂ ಇಲ್ಲ. ಕಣ್ಣು ಪರದೆಯ ಮೇಲೆ ಇಟ್ಟೇ ಕೇಳಿದ.

"ಯಾಕೆ ಎತ್ತಿ ನೋಡ್ದೆ?"

ಅವಳು ನಗುವನ್ನು ನುಂಗಿ ಅವನ ಕಡೆ ವಾಲಿದಳು. ಕುಂಕುಮದ ಮಾತನ್ನು ಹಾರಿಸಿ, ಮುಖ್ಯವಾದದ್ದನ್ನು ಮೊದಲು ಹೇಳಿದಳು.

"ನೀವಿದೀರೇನೋ ಅಂತ ರೀ. ಕಾಗ್ದ ಇರ್ಲಿಲ್ವಲ್ಲ. ಎಲ್ಲಾ ಹಗುರ ಇತ್ತು. ಖಾಲಿ ಅಂತ ಗೊತ್ತಾಯ್ತು, ಅದಕ್ಕೇ ಅತ್ತಿದ್ದು."

ಪರದೆಯ ಬೆಳಕು ಅವನ ಮುಖದ ಮೇಲೆ ಬಂದು ಹೋಗುತ್ತಿತ್ತು.

"ಅಲ್ಲಿ ನಾವು ವಿಮಾನಕ್ಕೆ ಹತ್ತಿಸಿದ ಒಂದು ಪೆಟ್ಟಿಗೇನೂ ಹಂಗೇ ಹಗುರ ಇತ್ತು," ಎಂದ. "ಖಾಲಿ ಇರ್ಲಿಲ್ಲ. ಸಿಕ್ಕಿದ್ದೇ ಅಷ್ಟು."

ಪರದೆಯ ಮೇಲೆ ಹಾಡು ಇನ್ನೂ ಮುಗಿದಿರಲಿಲ್ಲ. ಅವಳು ಸೆರಗನ್ನು ಬಾಯಿಂದ ತೆಗೆದಳು. ಆಮೇಲೆ ಜಮಖಾನೆಯ ಮೇಲಿದ್ದ ಅವನ ತೋಳಿನ ಕೆಳಗೆ ಎರಡೂ ಕೈ ತೂರಿಸಿ, ಭಾರ ಎಷ್ಟಿದೆ ಎಂದು ನೋಡುವವಳ ಹಾಗೆ, ಸ್ವಲ್ಪ ಮೇಲಕ್ಕೆತ್ತಿ ಹಿಡಿದುಕೊಂಡಳು.